ಎಷ್ಟು ಆಳು ಹಚ್ಚೀರಿ?

ಮನುಷ್ಯ ಅಂದರೆ ಏನು ಎಂದು ದೇವದುರ್ಗದ ಹೊಲದ ಬದುವಿನಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಕೇಳುವುದು, "ಎಷ್ಟು ಆಳು ಹಚ್ಚೀರಿ?" ಉತ್ತರವೂ ಅಷ್ಟೇ ಸರಳ: "ನಾಕು ಗಂಡಾಳು, ಹತ್ತು ಹೆಣ್ಣಾಳು."

ಆಳು ಬಹಳ ಹಳೆಯ ಮಾತು. ಸೇವಕನೂ ಆಳು, ಕಾಲಾಳೂ ಆಳು. ಕ್ರಿಯಾಪದವಾದರೆ ಅದೇ ರಾಜ್ಯ ಆಳುತ್ತದೆ. "ಆಳಾಗಿ ದುಡಿ, ಅರಸಾಗಿ ಉಣ್ಣು" ಎಂಬ ಗಾದೆ ಎರಡನ್ನೂ ಗಂಟು ಹಾಕಲು ನೋಡಿದೆ. ಉಣ್ಣುವ ಭಾಗ ಎಲ್ಲರಿಗೂ ಒದಗಿಲ್ಲ, ಅಷ್ಟೇ. ಬಾವಿಯ ನೀರಿಗೂ ಆಳೇ ಅಳತೆ: ಎರಡಾಳು ನೀರು, ಆಳುದ್ದ ಗುಂಡಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಿಗೆ ಭತ್ತ ಕೊಯ್ಯುವ ಮಿಷನ್ ಬಂದ ಮೇಲೆ ಅದರ ತಾಕತ್ತನ್ನೂ ಹೀಗೇ ಹೇಳುತ್ತಾರೆ: "ಇಪ್ಪತ್ತಾಳಿನ ಕೆಲಸ ಮಾಡ್ತದ್ರಿ ಇದು." ಯಂತ್ರ ಬಂದು ಮನುಷ್ಯನ ಅರ್ಥವೇ ಕದಲಿತು ಎಂದು ದಪ್ಪ ಪುಸ್ತಕ ಬರೆಯುವವರು ಈ ಮಾತು ಕೇಳಬೇಕು. ಕೆಲಸ ಕಳಕೊಂಡ ಆಳು ಯಂತ್ರಕ್ಕೆ ಅಳತೆಯಾಗಿ ಉಳಿದಿದ್ದಾನೆ.

ಮಾನ್ವಿಯ ಜಗನ್ನಾಥದಾಸರು (1728–1809) ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಅಸಡ್ಡೆಯಿತ್ತು ಎಂಬುದು ಐತಿಹ್ಯ. ಆಮೇಲೆ ಅವರೇ ದಾಸರಾದರು, ಅಂದರೆ ಹರಿಯ ಆಳು. ದೇವರ ಆಳಾದರೆ ಬಹುವಚನ ಸಿಗುತ್ತದೆ, ಗೌಡರ ಆಳಾದರೆ ಏಕವಚನ.

ರಾಯಚೂರಿನ ಸರಕಾರಿ ಕಡತಗಳಲ್ಲಿ ಮಾತ್ರ ಇದೇ ಆಳು 'ಮಾನವ ದಿನ'ವಾಗಿದ್ದಾನೆ. 2006ರಲ್ಲಿ ಉದ್ಯೋಗ ಖಾತ್ರಿ ದೇಶದ 200 ಜಿಲ್ಲೆಗಳಲ್ಲಿ ಶುರುವಾದಾಗ ರಾಯಚೂರೂ ಆ ಪಟ್ಟಿಯಲ್ಲಿತ್ತು. ಕೆರೆಯ ಹೂಳು ಹೊತ್ತ ಹೆಂಗಸಿನದೂ ಒಂದು ಮಾನವ ದಿನ, ಗಂಡಸಿನದೂ ಒಂದು. ಕೂಲಿ ದರವೂ ಒಂದೇ. ತತ್ವಶಾಸ್ತ್ರದ ಮಾನವ ಇಷ್ಟು ಕೆಲಸಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದೂ ಗುಮಾಸ್ತರ ಕನ್ನಡದಲ್ಲಿ.

ಹೊಲದಲ್ಲಿ ಹತ್ತಿ ಬಿಡಿಸುವುದು ಮಾತ್ರ ಕಿಲೋ ಲೆಕ್ಕ. ನಡುವಿಗೆ ಕಟ್ಟಿದ ಉಡಿ ತುಂಬಿದ ಹಾಗೆ ಬಿಚ್ಚಿ ಸುರಿದು, ಸಂಜೆ ಗಂಟು ಕಟ್ಟಿ ತೂಗಿದರೆ, ಬಿಡಿಸಿದ್ದು ಹೆಣ್ಣೋ ಗಂಡೋ ತಕ್ಕಡಿ ಕೇಳುವುದಿಲ್ಲ. ದಿನಗೂಲಿಯಾದರೆ ಮತ್ತೆ ಹಳೇ ಕತೆ, ಹೆಣ್ಣಾಳಿಗೆ ಕಡಿಮೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಈ ಸಲ ಆಳು ಹಚ್ಚುವವರು 'ಆಳಿಗೆ ಇಷ್ಟು' ಎಂದಷ್ಟೇ ಕೂಲಿ ಹೇಳಿ, ಹಿಂದೆ ಗಂಡು ಹೆಣ್ಣು ಸೇರಿಸಬೇಡಿ.