ವಾಸನೆಯಿಲ್ಲದ ಸೋರಿಕೆ

ಬೇಸಗೆಯಲ್ಲಿ ಮನೆಯ ಹವಾನಿಯಂತ್ರಣ ಯಂತ್ರ ತಂಪು ಕೊಡದೆ ಹೋದಾಗ, ದುರಸ್ತಿಗೆ ಬಂದವರಿಂದ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: 'ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಬೇಕು.' ಒಲೆಯ ಸಿಲಿಂಡರು ಮುಗಿದ ಹಾಗೆ ಇದೂ ಮುಗಿಯಿತೆಂದು ಮನೆಯವರು ನಂಬಿ ಹಣ ಕೊಟ್ಟು ಕಳಿಸುತ್ತಾರೆ. ಒಲೆಯ ಅನಿಲ ಉರಿದು ತೀರುವುದು ಸರಿಯೆ. ಆದರೆ ತಂಪು ಯಂತ್ರದ ಅನಿಲ ತೀರುವ ಪದಾರ್ಥವೇ ಅಲ್ಲ. ಮನೆಯ ಹೊರಗೆ ಒತ್ತಡಕ್ಕೆ ಸಿಕ್ಕಿ ಶಾಖ ಬಿಟ್ಟು ದ್ರವವಾಗುತ್ತ, ಒಳಗೆ ಕೋಣೆಯ ಶಾಖ ಹೀರಿ ಮತ್ತೆ ಆವಿಯಾಗುತ್ತ, ಮುಚ್ಚಿದ ಕೊಳವೆಗಳಲ್ಲಿ ಅದು ವರ್ಷಗಟ್ಟಲೆ ಸುತ್ತುತ್ತಿರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಈ ಸೋರಿಕೆಗೂ ಒಂದು ಚರಿತ್ರೆಯುಂಟು.

ಒಂದೇ ಯಂತ್ರದಿಂದ ಮನೆಯ ಎಲ್ಲ ಕೋಣೆಗಳಿಗೂ ತಂಪು ಹಾಯಿಸುವ ಏರ್ಪಾಡು ಅಮೆರಿಕದಲ್ಲಿ ಬೆಳೆದು ಬಂದದ್ದು. ಅದರ ಮೂಲವಿರುವುದು ಮನೆಯಲ್ಲಲ್ಲ, ಅಚ್ಚುಕೂಟದಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ, ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರು ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಅದರ ತೇವವನ್ನು ಹದಕ್ಕೆ ತರುವ ಯೋಜನೆ ಹಾಕಿಕೊಟ್ಟನು. ಮನುಷ್ಯರ ಸುಖಕ್ಕಿಂತ ಮೊದಲು ಕಾಗದದ ಸುಖವನ್ನು ನೋಡಿಕೊಂಡ ವಿದ್ಯೆ ಇದು! 1914ರಲ್ಲಿ ಮಿನಿಯಾಪೊಲಿಸ್ ನಗರದ ಚಾರ್ಲ್ಸ್ ಗೇಟ್ಸ್ ಎಂಬ ಶ್ರೀಮಂತನ ಭವನಕ್ಕೆ ಇಂಥ ಯಂತ್ರ ಬಂದಿತು. ಹವಾನಿಯಂತ್ರಣವಿದ್ದ ಮೊದಲ ಮನೆ ಅದೇ ಎಂದು ಹೇಳುವುದು ವಾಡಿಕೆ. ಕಟ್ಟಿಸಿದ ಯಜಮಾನನಿಗೆ ಮಾತ್ರ ಆ ತಂಪು ದಕ್ಕಲಿಲ್ಲ. ಆತ 1913ರಲ್ಲೇ ತೀರಿಕೊಂಡಿದ್ದನು.

ಸಾಧಾರಣ ಮನೆಗಳಿಗೆ ಯಂತ್ರದ ತಂಪು ಮೊದಲು ಬಂದದ್ದು ಆಹಾರದ ಶೀತಪೆಟ್ಟಿಗೆಯ ರೂಪದಲ್ಲಿ. ಅಂದು ಅದರ ಕೊಳವೆಗಳಲ್ಲಿ ಹರಿಯುತ್ತಿದ್ದವು ಅಮೋನಿಯಾ, ಗಂಧಕದ ಡಯಾಕ್ಸೈಡ್, ಮೀಥೈಲ್ ಕ್ಲೋರೈಡ್. ಮೂರೂ ವಿಷವೇ. ಮೊದಲಿನ ಎರಡಕ್ಕೆ ಘಾಟು ವಿಪರೀತ. ಸೋರಿದ ಕ್ಷಣವೇ ಮೂಗು ಉರಿದು, ಕಣ್ಣಲ್ಲಿ ನೀರು ಬಂದು, ಮನೆಮಂದಿಯೆಲ್ಲ ಬೀದಿಗೆ ಓಡುತ್ತಿದ್ದರು. ದುರಸ್ತಿಯವನಿಗೂ ಸೋರಿಕೆ ಹುಡುಕುವುದು ಕಷ್ಟವಿರಲಿಲ್ಲ. ಅಮೋನಿಯಾ ಸಂಶಯವಿದ್ದರೆ ಉರಿಯುವ ಗಂಧಕದ ಬತ್ತಿಯನ್ನು ಬೆಸುಗೆಯ ಹತ್ತಿರ ಹಿಡಿಯುವುದು, ಗಂಧಕದ ಅನಿಲವಿದ್ದರೆ ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಹಿಡಿಯುವುದು. ಎರಡೂ ಸಂದರ್ಭಗಳಲ್ಲಿ ತೂತಿದ್ದ ಜಾಗದಲ್ಲಿ ಬಿಳಿಯ ಹೊಗೆ ಏಳುತ್ತಿತ್ತು. ಮೀಥೈಲ್ ಕ್ಲೋರೈಡಿನ ರೀತಿ ಬೇರೆ. ಅದರ ವಾಸನೆ ಎಷ್ಟು ಮಂದವೆಂದರೆ, ನಿದ್ದೆಯಲ್ಲಿದ್ದವರು ಏಳುತ್ತಲೇ ಇರಲಿಲ್ಲ. 1929ರ ಸುಮಾರಿಗೆ ಷಿಕಾಗೋದಲ್ಲಿ ಇದರಿಂದ ಸಾವುಗಳು ಸಂಭವಿಸಿ ವೈದ್ಯರ ಪತ್ರಿಕೆಯಲ್ಲೂ ಚರ್ಚೆಯಾಯಿತು.

ಐನ್‌ಸ್ಟೈನರ ಹೆಸರು ಈ ಕಥೆಯಲ್ಲಿ ಬರುವುದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಬರ್ಲಿನ್ನಿನಲ್ಲಿ ಒಂದು ಕುಟುಂಬ ಶೀತಪೆಟ್ಟಿಗೆಯ ವಿಷಾನಿಲದಿಂದ ಸತ್ತ ಸುದ್ದಿಯನ್ನು ಓದಿ ಅವರು ನೊಂದರಂತೆ. 1926ರಿಂದ ಲಿಯೊ ಸಿಲಾರ್ಡ್ ಎಂಬ ತರುಣ ಭೌತಶಾಸ್ತ್ರಜ್ಞನೊಡನೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ಶೀತಯಂತ್ರಗಳನ್ನು ರೂಪಿಸಿ ಪೇಟೆಂಟುಗಳನ್ನೂ ಪಡೆದರು. ತಿರುಗುವ ಭಾಗವಿಲ್ಲದಿದ್ದರೆ ಅಲ್ಲಿ ಸವೆಯುವ ಮುಚ್ಚಳವೂ ಇಲ್ಲ, ಸೋರಿಕೆಯೂ ಇಲ್ಲ ಎಂಬುದು ಅವರ ತರ್ಕ. ಯಂತ್ರವೇನೋ ನಡೆಯಿತು, ಆದರೆ ಪೇಟೆಗೆ ಬರಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ಉಪಾಯ ಸಿಕ್ಕಿತ್ತು: ಸೋರಿಕೆಯನ್ನು ತಡೆಯುವುದರ ಬದಲು, ಸೋರಿದರೂ ಯಾರೂ ಸಾಯದಂಥ ಅನಿಲವನ್ನೇ ಮಾಡಿಬಿಡುವುದು.

ಆ ಅನಿಲವನ್ನು 1928ರಲ್ಲಿ ಕಂಡುಕೊಂಡವರು ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವೂ ಇದೇ ಮಹಾಶಯನದು ಎಂಬುದು ಬೇರೆ ಮಾತು. 1930ರ ಏಪ್ರಿಲಿನಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಆತ ಆ ಅನಿಲವನ್ನು ಎದೆ ತುಂಬ ಎಳೆದುಕೊಂಡು, ಉರಿಯುತ್ತಿದ್ದ ಮೇಣದ ಬತ್ತಿಯ ಮೇಲೆ ಮೆಲ್ಲನೆ ಊದಿದನು. ಬತ್ತಿ ಆರಿತು, ಆತ ನಗುತ್ತ ನಿಂತಿದ್ದನು. ವಿಷವಲ್ಲ, ಉರಿಯುವುದೂ ಇಲ್ಲ! 'ಫ್ರಿಯಾನ್' ಎಂಬ ಹೆಸರಿನಿಂದ ಅದು ಮನೆಮನೆಗೆ ಬಂದಿತು. ಆ ಕಾಲದ ಸಾವುಗಳನ್ನು ನೆನೆದರೆ ಅದನ್ನು ಉಪಕಾರವಲ್ಲ ಎನ್ನುವಂತಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಹೊಸ ಬಡಾವಣೆಗಳಲ್ಲಿ, ಚಳಿಗಾಲದ ಬಿಸಿಗಾಳಿ ಹಾಯುತ್ತಿದ್ದ ತಗಡಿನ ನಾಳಗಳಲ್ಲೇ ಬೇಸಗೆಯ ತಂಪನ್ನೂ ಹಾಯಿಸತೊಡಗಿದರು. ಅಂಥ ಮನೆಗಳಲ್ಲಿ ತಪಾಸಣೆಗೆ ಬಂದವನು ಗಾಳಿ ಸೋಸುವ ಜಾಲರಿಯಲ್ಲಿ ಧೂಳು ಕಟ್ಟಿದೆಯೇ, ಸುರುಳಿಯ ಮೇಲೆ ಹಿಮ ಕೂತಿದೆಯೇ, ನೀರು ಹೋಗುವ ಕೊಳವೆ ಕಟ್ಟಿದೆಯೇ ಎಂದು ನೋಡುತ್ತಿದ್ದನು. ಅನಿಲದ ಸೋರಿಕೆಗೆ ಒಂದು ಸಣ್ಣ ದೀವಟಿಗೆಯಿತ್ತು. ಅದರ ಜ್ವಾಲೆಯಲ್ಲಿ ತಾಮ್ರದ ತಟ್ಟೆ ಕಾಯುತ್ತಿತ್ತು. ರಬ್ಬರು ನಳಿಗೆಯ ತುದಿಯನ್ನು ಬೆಸುಗೆಗಳ ಉದ್ದಕ್ಕೂ ಸರಿಸುತ್ತ ಹೋದರೆ, ಫ್ರಿಯಾನ್ ಸಿಕ್ಕ ಕಡೆ ಜ್ವಾಲೆ ಹಸುರಾಗುತ್ತಿತ್ತು. ಒಳ್ಳೆಯ ಉಪಾಯವೇ. ಆದರೆ ಅದನ್ನು ಹಿಡಿದು ಹುಡುಕುವ ತಾಳ್ಮೆಯೂ ಬೇಕಷ್ಟೆ? ಅನಿಲ ಅಗ್ಗ, ವಾಸನೆಯಿಲ್ಲ, ಅಪಾಯವಿಲ್ಲ. ವರ್ಷಕ್ಕೊಮ್ಮೆ ಬಂದು ತುಂಬಿ ಹೋಗುವುದೇ ಸುಲಭ. ಯಂತ್ರ ಬಿಚ್ಚಬೇಕಾದಾಗ ಒಳಗಿದ್ದುದನ್ನು ಆಕಾಶಕ್ಕೆ ಬಿಟ್ಟುಬಿಡುವುದು ಕಸುಬಿನ ನಿತ್ಯದ ರೂಢಿಯಾಯಿತು. ಮೂಗು ಇದ್ದ ಕಡೆ ಇದ್ದ ಎಚ್ಚರಿಕೆ ಈಗ ತಪ್ಪಿಹೋಯಿತು.

ಬಿಟ್ಟದ್ದು ಎಲ್ಲಿಗೆ ಹೋಯಿತು? 1971-72ರಲ್ಲಿ ಜೇಮ್ಸ್ ಲವ್‌ಲಾಕ್ ಹಡಗಿನಲ್ಲಿ ಅಟ್ಲಾಂಟಿಕ್ ಸಾಗರದ ಉದ್ದಕ್ಕೂ ಗಾಳಿಯನ್ನು ಪರೀಕ್ಷಿಸಿದಾಗ ಈ ಜಾತಿಯ ಅನಿಲ ಎಲ್ಲೆಡೆಯೂ ಸಿಕ್ಕಿತು. ಅದರಲ್ಲಿ ಸುಗಂಧದ ಸಿಂಪಡಿಕೆ ಡಬ್ಬಗಳ ಪಾಲೂ ದೊಡ್ಡದಿತ್ತೆನ್ನಿ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು, ಕೆಳಗೆ ಯಾವುದಕ್ಕೂ ಜಗ್ಗದ ಈ ಅನಿಲ ಎತ್ತರದಲ್ಲಿ ಸೂರ್ಯಕಿರಣಕ್ಕೆ ಒಡೆದು, ಹೊರಬಿದ್ದ ಕ್ಲೋರಿನ್ ಓಜೋನ್ ಪದರವನ್ನು ನಾಶಮಾಡುವುದೆಂದು ತೋರಿಸಿಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ಬಹಳವಾಗಿ ಕ್ಷೀಣಿಸಿದ ಸಂಗತಿ ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಮನೆಯವರಿಗೆ ಅಪಾಯವಿಲ್ಲವೆಂದು ಮೆಚ್ಚಿಕೊಂಡ ಗುಣವೇ, ಅಂದರೆ ಯಾವುದರೊಡನೆಯೂ ಸೇರದ ಆ ಸ್ಥಿರತೆಯೇ, ಅದನ್ನು ಅಷ್ಟು ಎತ್ತರಕ್ಕೆ ಒಯ್ದಿತ್ತು.

ಇದಾದ ಮೇಲೆ ದುರಸ್ತಿಯ ಕಸುಬೇ ಬದಲಾಯಿತು. ಅಮೆರಿಕದಲ್ಲಿ 1992ರ ಜುಲೈ 1ರಿಂದ, ದುರಸ್ತಿಯ ವೇಳೆ ಇಂಥ ಅನಿಲವನ್ನು ಬೇಕೆಂದು ಗಾಳಿಗೆ ಬಿಡುವುದು ಅಪರಾಧವಾಯಿತು. ಅದನ್ನು ಯಂತ್ರದಿಂದ ಎಳೆದು ಬೇರೆ ಸಿಲಿಂಡರಿಗೆ ತುಂಬಿಕೊಳ್ಳಬೇಕು. ಭಾರತವೂ 1992ರಲ್ಲಿ ಒಪ್ಪಂದಕ್ಕೆ ಸೇರಿತು. ನಮ್ಮಲ್ಲಿ ಹಳೆಯ ಫ್ರಿಯಾನ್‌ಗಳ ತಯಾರಿಕೆ 2008ರಲ್ಲಿ ನಿಂತಿತು. ಮನೆಯ ಯಂತ್ರಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರ್-22 ಎಂಬುದು ಓಜೋನಿಗೆ ಅಷ್ಟು ಮಾರಕವಲ್ಲ. ಆದರೆ ಭೂಮಿಯ ಶಾಖವನ್ನು ಹಿಡಿದಿಡುವುದರಲ್ಲಿ, ನೂರು ವರ್ಷದ ಲೆಕ್ಕದಲ್ಲಿ, ಅದು ಇಂಗಾಲದ ಡಯಾಕ್ಸೈಡಿನ ಸುಮಾರು 1,800 ಪಟ್ಟು. ತಂಪಿಗಾಗಿ ತುಂಬಿದ್ದು ಸೋರಿ ಸೆಕೆಯನ್ನೇ ಹೆಚ್ಚಿಸುವ ಈ ವಿಚಿತ್ರವನ್ನು ನೋಡಿ 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ಒಪ್ಪಂದವಾಯಿತು.

ಈಗ ಕೆಲವು ಯಂತ್ರಗಳಿಗೆ ಪ್ರೊಪೇನ್ ಬಂದಿದೆ. ಅಡಿಗೆಯ ಅನಿಲದ ಬಳಗದ್ದೇ ಅದು, ಚೆನ್ನಾಗಿ ಉರಿಯುತ್ತದೆ. ಒಲೆಯ ಅನಿಲಕ್ಕೆ ಬೆರೆಸುವ ದುರ್ವಾಸನೆಯ ಪದಾರ್ಥ ಮಾತ್ರ ಇದರಲ್ಲಿ ಇರುವುದಿಲ್ಲ. ಆದುದರಿಂದ ಮೂಗನ್ನು ನಂಬುವಂತಿಲ್ಲ. ಕಸುಬು ಬಲ್ಲವರು ಕೊಳವೆಗೆ ಮೊದಲು ನೈಟ್ರೋಜನ್ ತುಂಬಿ, ಒತ್ತಡದ ಮುಳ್ಳು ಇಳಿಯುತ್ತದೆಯೇ ಎಂದು ಕಾದು, ಬೆಸುಗೆಗಳಿಗೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ನೋಡುತ್ತಾರೆ. ತೂತನ್ನು ಮುಚ್ಚಿ, ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಹೊರತೆಗೆದು, ಆಮೇಲೆ ಅನಿಲವನ್ನು ತೂಗಿ ತುಂಬುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ, ಕೂಲಿಯೂ ಹೆಚ್ಚು.