ಮೇಲೊಮ್ಮೆ ಹೇಳಿದರೆ ಸಾಕೆ?

ಪ್ರೋಗ್ರಾಮನ್ನು ಮೊದಲು ಮನುಷ್ಯರು ಓದಲೆಂದು ಬರೆಯಬೇಕು ಎಂಬ ವಾದವನ್ನು ಡೊನಾಲ್ಡ್ ಕನೂಥ್ 1984ರಲ್ಲಿ ಮುಂದಿಟ್ಟರು. ಅವರ ‘ವೆಬ್’ ಪದ್ಧತಿಯಲ್ಲಿ (ಇಂದಿನ ಇಂಟರ್‌ನೆಟ್ ವೆಬ್ ಅಲ್ಲ, ಅದಕ್ಕೂ ಹಳೆಯದು) ವಿವರಣೆ, ಪ್ಯಾಸ್ಕಲ್ ಕೋಡ್ ಎರಡೂ ಒಂದೇ ಕಡತದಲ್ಲಿರುತ್ತಿದ್ದವು. ‘ವೀವ್’ ಅದರಿಂದ ಓದುವ ಪುಸ್ತಕವನ್ನು ನೇಯುತ್ತಿತ್ತು, ‘ಟ್ಯಾಂಗಲ್’ ಯಂತ್ರದ ಕೋಡನ್ನು ಹೊರತೆಗೆಯುತ್ತಿತ್ತು. ಯಾವ ಮಾತು ಎಲ್ಲಿ ಬರಬೇಕೆಂಬುದು ಬರೆಯುವವರ ಇಷ್ಟ. ಯಂತ್ರದ ಕ್ರಮವನ್ನು ಟ್ಯಾಂಗಲ್ ನೋಡಿಕೊಳ್ಳುತ್ತಿತ್ತು.

ಜಾಗ ಮತ್ತೆ ಮುಖ್ಯವಾದದ್ದು ಆರ್ಗ್ ಮೋಡ್‌ನಲ್ಲಿ. ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಟಿಪ್ಪಣಿಗಳಿಗಾಗಿ ಇಮ್ಯಾಕ್ಸ್ ಎಡಿಟರಿನೊಳಗೆ ಕಟ್ಟಿದ ಸಾಧನ ಇದು. ಎರಿಕ್ ಶುಲ್ಟೆ, ಡ್ಯಾನ್ ಡೇವಿಸನ್ ಅದಕ್ಕೆ ‘ಬೇಬೆಲ್’ ಸೇರಿಸಿದ ಮೇಲೆ ಒಂದೇ ಕಡತದಲ್ಲಿ ಆರ್, ಪೈಥಾನ್, ಶೆಲ್ ಎಲ್ಲವೂ ಓಡತೊಡಗಿದವು. ಓಡಿಸಬೇಕೆ, ಫಲಿತಾಂಶ ಎಲ್ಲಿ ಬರಬೇಕು, ಯಾವ ಕಡತಕ್ಕೆ ಬರೆಯಬೇಕು ಎಂದು ಪ್ರತಿ ಕೋಡ್ ತುಣುಕಿಗೂ ಹೇಳುವುದು ಬೇಸರದ ಕೆಲಸ. ಹಾಗಾಗಿ ಮೇಲಿನಿಂದ ಇಳಿದುಬರುವ ಏರ್ಪಾಡು: ಎಲ್ಲಕ್ಕೂ ಸಾಮಾನ್ಯವಾದ ಸೆಟ್ಟಿಂಗ್, ಆಮೇಲೆ ಆಯಾ ಭಾಷೆಯದು, ಕಡತದ್ದು, ಶೀರ್ಷಿಕೆಯದು, ಕೊನೆಗೆ ತುಣುಕಿನದೇ. ಹತ್ತಿರದ್ದು ಗೆಲ್ಲುತ್ತದೆ.

ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಪಾಣಿನಿಯ ಸೂತ್ರಗಳಲ್ಲಿ ಹಿಂದಿನ ಸೂತ್ರದ ಪದ ಮುಂದಿನವಕ್ಕೆ ಹರಿದುಬರುತ್ತದೆ. ಅದಕ್ಕೆ ಅನುವೃತ್ತಿ ಎಂದು ಹೆಸರು. ಒಂದು ಸೂತ್ರವನ್ನಷ್ಟೇ ಕಿತ್ತು ಓದಿದರೆ ಅರ್ಥವಾಗದು. ಯಾವ ಪದ ಎಲ್ಲಿಯವರೆಗೆ ಹರಿಯುತ್ತದೆ ಎಂದು ತಿಳಿಯಲು ವೃತ್ತಿಕಾರರೇ ಬೇಕು.

ಬೇಬೆಲ್‌ನ ಹಳೆಯ ರೂಪದಲ್ಲಿ ಶೀರ್ಷಿಕೆಯ ಕೆಳಗೆ ಪ್ರತಿ ಸೆಟ್ಟಿಂಗಿಗೂ ಬೇರೆ ಸಾಲು ಇರುತ್ತಿತ್ತು, ಪ್ರತಿಯೊಂದೂ ತನ್ನ ಪಾಡಿಗೆ ಇಳಿಯುತ್ತಿತ್ತು. ಮುಂದೆ ಎಲ್ಲವನ್ನೂ ‘ಹೆಡರ್-ಆರ್ಗ್ಸ್’ ಎಂಬ ಒಂದೇ ಸಾಲಿಗೆ ಕಟ್ಟಲಾಯಿತು. ಬರೆಯಲು ಚೊಕ್ಕ, ನಿಜ. ಆದರೆ ಈಗ ಇಳಿಯುವುದು ಇಡೀ ಸಾಲು. ಮೇಲಿನ ಶೀರ್ಷಿಕೆಯಲ್ಲಿ ‘ಓಡಿಸಬೇಡ’ ಎಂದಿದ್ದು, ಒಳಶೀರ್ಷಿಕೆಯಲ್ಲಿ ‘ಫಲಿತಾಂಶ ತೋರಿಸಬೇಡ’ ಎಂಬ ಇನ್ನೊಂದು ಸಾಲು ಬರೆದರೆ ಮೊದಲಿನ ತಡೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಒಳಗಿರುವುದು ಕಡತಗಳನ್ನು ಅಳಿಸುವ ಶೆಲ್ ತುಣುಕಾಗಿದ್ದರೆ?

ಪರಿಹಾರ ಚಿಕ್ಕದು: ಒಳಗಿನ ಸಾಲಿನ ಹೆಸರಿನ ಕೊನೆಗೆ ಕೂಡುವ ಚಿಹ್ನೆ ಹಾಕಿದರೆ ಹೊಸದು ಹಳೆಯದಕ್ಕೆ ಸೇರಿಕೊಳ್ಳುತ್ತದೆ. ಆದರೆ ಇಡೀ ಅಧ್ಯಾಯವನ್ನು ಎತ್ತಿ ಬೇರೆ ಶೀರ್ಷಿಕೆಯ ಕೆಳಗಿಟ್ಟರೆ ಆ ಚಿಹ್ನೆಯೂ ಕಾಯದು. ಒಂದಕ್ಷರವೂ ಬದಲಾಗದ ಕೋಡ್ ಅಲ್ಲಿ ಹೊಸ ಶೀರ್ಷಿಕೆಯ ಮಾತು ಕೇಳುತ್ತದೆ.