ಸೇವಾನಿಯಾಮಕದ ಆಯ್ಕೆಗಳೂ ಅವುಗಳ ಕೈಪಿಡಿಯೂ: ಒಂದು ಚಾರಿತ್ರಿಕ ಅವಲೋಕನ

ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳನ್ನೂ ಅವುಗಳ ನಿರ್ಮಾತೃಗಳನ್ನೂ ಕುರಿತು ಬರೆಯುತ್ತಾರೆ. ಯಂತ್ರದೊಡನೆ ವ್ಯವಹರಿಸುವ ಬಗೆಯನ್ನು ತಿಳಿಸುವ ಕೈಪಿಡಿಗಳು ಅವರ ದೃಷ್ಟಿಗೆ ಬೀಳುವುದು ವಿರಳ. ಆದರೆ ಒಂದು ಆಜ್ಞೆಗೆ ಯಾವ ಯಾವ ಆಯ್ಕೆಗಳುಂಟು, ಅವುಗಳ ಫಲವೇನು ಎಂಬುದನ್ನು ದಾಖಲಿಸುವ ಪುಟ ಅನೇಕ ವೇಳೆ ಆ ಆಜ್ಞೆಯನ್ನು ರಚಿಸಿದವರ ಅಭಿಪ್ರಾಯಕ್ಕೆ ಉಳಿದಿರುವ ಮುಖ್ಯ ಸಾಕ್ಷ್ಯವಾಗಿರುತ್ತದೆ. ಯೂನಿಕ್ಸ್ ವ್ಯವಸ್ಥೆಯಲ್ಲಿಯೂ ಅದರ ಪರಂಪರೆಗೆ ಸೇರಿದ ಲಿನಕ್ಸ್‌ನಲ್ಲಿಯೂ ಉಳಿದೆಲ್ಲ ಸೇವೆಗಳನ್ನು ಪ್ರಾರಂಭಿಸಿ ಪಾಲಿಸುವ ಪ್ರೋಗ್ರಾಂ ಒಂದುಂಟು. ಅದರ ಆಯ್ಕೆಗಳು ದಾಖಲೆಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿಯವರ ಯೂನಿಕ್ಸ್ ಕೈಪಿಡಿಯ ಮೊದಲನೆಯ ಆವೃತ್ತಿ ೧೯೭೧ನೆಯ ನವೆಂಬರ್ ೩ರ ದಿನಾಂಕವನ್ನು ಹೊತ್ತಿದೆ. ಪ್ರತಿಯೊಂದು ಆಜ್ಞೆಗೂ ಹೆಸರು, ಸಂಕ್ಷೇಪ, ವಿವರಣೆ ಮುಂತಾದ ನಿಯತ ಶೀರ್ಷಿಕೆಗಳನ್ನಿಟ್ಟು ಬರೆಯುವ ಕ್ರಮ ಅಲ್ಲಿಯೇ ನೆಲೆಗೊಂಡಿತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದವರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಸಂಕ್ಷೇಪವು ಸೂತ್ರದಂತೆ ಆಜ್ಞೆಯ ರೂಪವನ್ನಷ್ಟೇ ಹೇಳುತ್ತದೆ. ವಿವರಣೆ ವೃತ್ತಿಯಂತೆ ಅದನ್ನು ಬಿಡಿಸುತ್ತದೆ. ಇವುಗಳೊಡನೆ 'ದೋಷಗಳು' ಎಂಬ ಅರ್ಥದ ಮತ್ತೊಂದು ಶೀರ್ಷಿಕೆಯೂ ಇದ್ದುದು ಗಮನಾರ್ಹ. ತಮ್ಮ ಕೃತಿಯ ಕೊರತೆಯನ್ನು ಕರ್ತೃಗಳೇ ಅದರಡಿಯಲ್ಲಿ ಬರೆದಿಡುತ್ತಿದ್ದರು.

ಸೇವೆಗಳ ಮೂಲಪ್ರವರ್ತಕವಾದ 'ಇನಿಟ್'ಗೂ ಆ ಕೈಪಿಡಿಯಲ್ಲಿ ಒಂದು ಪುಟವಿತ್ತು. ಆ ಕಾಲದಲ್ಲಿ 'ಆಯ್ಕೆ' ಎಂಬುದು ಬೆರಳಚ್ಚಿಸುವ ಅಕ್ಷರವೇ ಆಗಿರಬೇಕಾದ ನಿಯಮವಿರಲಿಲ್ಲ. ೧೯೭೫ರ ಆರನೆಯ ಆವೃತ್ತಿಯ ಪ್ರಕಾರ, ಯಂತ್ರದ ಮುಖಫಲಕದ ಸ್ವಿಚ್ಚುಗಳನ್ನು ಅಷ್ಟಮಾನ ಸಂಖ್ಯೆ ೧೭೩೦೩೦ಕ್ಕೆ ಹೊಂದಿಸಿದರೆ ವ್ಯವಸ್ಥೆ ಒಬ್ಬನೇ ಬಳಕೆದಾರನಿಗೆ ಮೀಸಲಾಗಿ ಎಚ್ಚೆತ್ತುಕೊಳ್ಳುತ್ತಿತ್ತು. ಈ ಸಂಖ್ಯೆಯನ್ನು ಊಹೆಯಿಂದ ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ಪುಟವಿಲ್ಲದಿದ್ದರೆ ಆಯ್ಕೆಯೂ ಇಲ್ಲವೆಂಬಂತಹ ಸ್ಥಿತಿ ಅದು.

೧೯೮೩ರ ಸಿಸ್ಟಮ್ ಫೈವ್‌ನಲ್ಲಿ ಇನಿಟ್ ಅಂಕೆಗಳಿಂದ ಗುರುತಿಸುವ 'ಚಾಲನಾಸ್ತರ'ಗಳನ್ನು ಅನುಸರಿಸಿತು. ಸೊನ್ನೆಯೆಂದರೆ ನಿಲುಗಡೆ, ಆರೆಂದರೆ ಪುನರಾರಂಭ ಎಂಬುದು ಕಾಲಕ್ರಮದಲ್ಲಿ ರೂಢಿಯಾಯಿತು. ನಡುವಣ ಅಂಕೆಗಳ ಅರ್ಥವಾದರೋ ಆಯಾ ವಿತರಕರ ಇಚ್ಛೆಗೆ ಬಿಟ್ಟದ್ದು. ಮುಂದೆ ಲಿನಕ್ಸ್‌ನಲ್ಲಿ, ರೆಡ್ ಹ್ಯಾಟ್ ಸಂಪ್ರದಾಯದಂತೆ ಐದೆಂಬುದು ಚಿತ್ರಾತ್ಮಕ ಪ್ರವೇಶವನ್ನು ಸೂಚಿಸಿದರೆ, ಡೆಬಿಯನ್‌ನಲ್ಲಿ ಎರಡರಿಂದ ಐದರವರೆಗೆ ಮೂಲತಃ ಭೇದವೇ ಇರಲಿಲ್ಲ. ಒಂದೇ ಅಂಕೆಗೆ ಎರಡು ಕಡೆ ಎರಡು ಅರ್ಥವಾದಾಗ ಕೈಪಿಡಿಯ ಮಾತು ಎಲ್ಲೆಡೆಯೂ ಪ್ರಮಾಣವಾಗಲಾರದು.

ಈ ನಡುವೆ ಆಯ್ಕೆಗಳ ಬರವಣಿಗೆಯಲ್ಲಿ ಏಕರೂಪತೆ ಬರತೊಡಗಿತ್ತು. ಆಯ್ಕೆಗಳನ್ನು ಬಿಡಿಸಿ ಓದುವ 'ಗೆಟ್‌ಆಪ್ಟ್' ಎಂಬ ಸಾಧನವನ್ನು ಎಟಿ ಅಂಡ್ ಟಿ ಸಂಸ್ಥೆ ೧೯೮೫ರಲ್ಲಿ ಸಾರ್ವಜನಿಕರಿಗೆ ಒಪ್ಪಿಸಿತು. ೧೯೯೨ರ ಪಾಸಿಕ್ಸ್ ಮಾನಕವು ಒಂದು ಅಡ್ಡಗೆರೆ, ಒಂದು ಅಕ್ಷರ ಎಂಬ ಪದ್ಧತಿಯನ್ನು ನಿಯಮೀಕರಿಸಿತು. ಗ್ನೂ ಪಂಥದವರು ಎರಡು ಅಡ್ಡಗೆರೆಗಳ ಮುಂದೆ ಇಡಿಯ ಪದವನ್ನೇ ಬರೆಯುವ ರೀತಿಯನ್ನು ಬಳಕೆಗೆ ತಂದರು. ಪದವು ತನ್ನ ಅರ್ಥವನ್ನು ತಾನೇ ಹೇಳುವುದೆಂಬ ಭಾವನೆ ಇದರಿಂದ ಬಲವಾಯಿತು.

ಈ ಭಾವನೆ ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು 'ಸಿಸ್ಟಮ್‌ಡಿ' ತೋರಿಸಿಕೊಟ್ಟಿತು. ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಪ್ರಾರಂಭಿಸಿದ ಈ ಸೇವಾನಿಯಾಮಕ ೨೦೧೦ರಲ್ಲಿ ಪ್ರಕಟವಾಗಿ, ೨೦೧೧ರಲ್ಲಿ ಫೆಡೋರಾ ೧೫ರಲ್ಲಿಯೂ ೨೦೧೫ರಲ್ಲಿ ಡೆಬಿಯನ್ ಮತ್ತು ಉಬುಂಟುಗಳಲ್ಲಿಯೂ ನೆಲೆಯೂರಿತು. ಇದರೊಡನೆ ಮಾತನಾಡುವ ಆಜ್ಞೆ 'ಸಿಸ್ಟಮ್‌ಸಿಟಿಎಲ್'. ಇದರಲ್ಲಿ 'ಎನೇಬಲ್' ಎಂದರೆ ಸೇವೆ ಒಡನೆಯೇ ಆರಂಭವಾಗುವುದಿಲ್ಲ. ಮುಂದಣ ಬಾರಿ ಯಂತ್ರವು ಚಾಲನೆಗೊಂಡಾಗ ಅದು ತಾನಾಗಿ ಎಚ್ಚೆತ್ತುಕೊಳ್ಳುವಂತೆ ಏರ್ಪಾಡಾಗುತ್ತದೆ, ಅಷ್ಟೆ. 'ಡಿಸೇಬಲ್' ಎಂದರೆ ನಡೆಯುತ್ತಿರುವ ಸೇವೆ ನಿಲ್ಲುವುದೂ ಇಲ್ಲ. ಅಪಾಯಕರವೆಂದು ತಿಳಿದ ಸೇವೆಯೊಂದನ್ನು 'ಡಿಸೇಬಲ್' ಮಾಡಿ ನಿಶ್ಚಿಂತನಾದ ನಿರ್ವಾಹಕನ ಯಂತ್ರದಲ್ಲಿ ಅದು ಮರುಚಾಲನೆಯವರೆಗೂ ಅವ್ಯಾಹತವಾಗಿ ನಡೆಯುತ್ತಿರಬಹುದು. ಎನೇಬಲ್ ಮಾಡುವುದೂ ಆರಂಭಿಸುವುದೂ ಪರಸ್ಪರ ಸ್ವತಂತ್ರವಾದ ಕ್ರಿಯೆಗಳೆಂದು ಕೈಪಿಡಿ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಎರಡನ್ನೂ ಒಮ್ಮೆಗೇ ನೆರವೇರಿಸುವ 'ನೌ' ಎಂಬ ಆಯ್ಕೆ ೨೨೦ನೆಯ ಆವೃತ್ತಿಯಲ್ಲಿ, ಅಂದರೆ ೨೦೧೫ರಲ್ಲಿ, ಸೇರಿತು. ಅದಕ್ಕೆ ಹಿಂದಿನ ಆವೃತ್ತಿಯುಳ್ಳ ಯಂತ್ರದಲ್ಲಿ ಈ ಆಯ್ಕೆಗೆ ಮಾನ್ಯತೆಯಿಲ್ಲ. ಆದಕಾರಣ ಒಂದು ಆಯ್ಕೆಯ ಅರ್ಥದಷ್ಟೇ ಅದರ ಹುಟ್ಟಿನ ಕಾಲವೂ ದಾಖಲಾರ್ಹ. ಈಚಿನ ಕೈಪಿಡಿಯಲ್ಲಿ ಆಯ್ಕೆಗಳ ಕೆಳಗೆ ಅವು ಸೇರಿದ ಆವೃತ್ತಿಯ ಸಂಖ್ಯೆಯನ್ನು ನಮೂದಿಸಿರುವುದು ಶ್ಲಾಘನೀಯ.

ಹಳೆಯ 'ದೋಷಗಳು' ಶೀರ್ಷಿಕೆ ಸಿಸ್ಟಮ್‌ಸಿಟಿಎಲ್ ಪುಟದಲ್ಲಿ ಕಾಣದು. ಹಾಗೆಂದು ಆ ಪ್ರಾಮಾಣಿಕತೆ ಅಳಿದುಹೋಯಿತೆಂದು ಹೇಳಲಾಗದು. ಆಜ್ಞೆಯು ಮುಗಿದಾಗ ಹಿಂದಿರುಗಿಸುವ ಅಂಕೆಗಳನ್ನು ಅಲ್ಲಿ ಪಟ್ಟಿ ಮಾಡಿದೆ; ಸೇವೆ ನಡೆಯುತ್ತಿಲ್ಲವೆಂಬುದಕ್ಕೆ ಮೂರು, ಅಂತಹ ಸೇವೆಯೇ ಇಲ್ಲವೆಂಬುದಕ್ಕೆ ನಾಲ್ಕು. ಈ ಅಂಕೆಗಳು ಹಳೆಯ ಮಾನಕವೊಂದರಿಂದ ಬಂದುವು, ಹೊಸ ವ್ಯವಸ್ಥೆಗೆ ಪೂರ್ಣವಾಗಿ ಹೊಂದುವುದಿಲ್ಲ, ಆದ್ದರಿಂದ ಅವನ್ನು ನೆಚ್ಚದೆ ಸೇವೆಯ ಸ್ಥಿತಿಯನ್ನೇ ನೇರವಾಗಿ ನೋಡುವುದು ಲೇಸು ಎಂದು ಅದೇ ಪುಟ ಒಪ್ಪಿಕೊಳ್ಳುತ್ತದೆ. ಶೀರ್ಷಿಕೆ ಮರೆಯಾದರೂ ಶೀಲ ಉಳಿದಿದೆ.

ಮುಖಫಲಕದ ಸ್ವಿಚ್ಚಿನಿಂದ ಅಂಕೆಗೆ, ಅಂಕೆಯಿಂದ ಪದಕ್ಕೆ ಆಯ್ಕೆಯ ರೂಪ ಬದಲಾದಂತೆ ಕೈಪಿಡಿಯ ಆವಶ್ಯಕತೆ ಕುಂದಿತೆಂದು ಮೇಲುನೋಟಕ್ಕೆ ತೋರಬಹುದು. ವಸ್ತುಸ್ಥಿತಿ ಬೇರೆ. ಗೂಢವಾದ ಸಂಖ್ಯೆಯ ಮುಂದೆ ನಿಂತವನು ಪುಟವನ್ನು ತೆರೆಯದೆ ಗತ್ಯಂತರವಿರಲಿಲ್ಲ. ಪರಿಚಿತವಾದ ಪದದ ಮುಂದೆ ನಿಂತವನು ತೆರೆಯದೆಯೇ ಮುಂದುವರಿಯುತ್ತಾನೆ. ಪ್ರೋಗ್ರಾಂ ಪರಿಷ್ಕೃತವಾದಾಗಲೆಲ್ಲ ಹೊಸ ಪುಟ ಹಳೆಯದರ ಸ್ಥಾನವನ್ನು ಆಕ್ರಮಿಸುತ್ತದೆ. ಹಳೆಯ ಪುಟಗಳನ್ನು ಆವೃತ್ತಿ ಮತ್ತು ದಿನಾಂಕಗಳೊಡನೆ ಕಾಪಾಡದಿದ್ದರೆ ಯಾವ ಪದಕ್ಕೆ ಯಾವ ಕಾಲದಲ್ಲಿ ಯಾವ ಅರ್ಥವಿತ್ತೆಂಬುದನ್ನು ನಿರ್ಣಯಿಸುವುದು ಮುಂದಿನವರಿಗೆ ದುಸ್ಸಾಧ್ಯವಾದೀತು. ಶಾಸನಗಳ ಪಾಠವನ್ನು ಸಂರಕ್ಷಿಸುವಲ್ಲಿ ವಿದ್ವಾಂಸರು ತೋರುವ ಶ್ರದ್ಧೆಗೆ ಈ ಪುಟಗಳೂ ಪಾತ್ರವಾಗತಕ್ಕವು.